ಕಡೆಯ ಹರದಾರಿಯ ಮಳೆ

ಮಳೆಗಾಲ ಬಂದಿತೆಂದರೆ ಪುಣೆ, ಮುಂಬಯಿ, ಕೊಲ್ಹಾಪುರಗಳ ತರುಣರಿಗೆ ಸಹ್ಯಾದ್ರಿಯ ಕರೆ ಕೇಳಿಸತೊಡಗುತ್ತದೆ. ಈ ನಗರಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಮಕ್ಕಳೂ ಬೆನ್ನಿಗೆ ಚೀಲ ಬಿಗಿದು ಕೋಟೆಗಳ ಕಡೆಗೆ ಹೊರಡುತ್ತಾರೆ. ಇದು ಸಂತೋಷದ ಸಂಗತಿಯೇ. ಕುರ್ಚಿಗೆ ಅಂಟಿಕೊಂಡ ದೇಹಕ್ಕೆ ನಡಿಗೆ ಒಳ್ಳೆಯ ಔಷಧ. ಆದರೆ ದೀರ್ಘ ನಡಿಗೆಯ ಕಡೆಯ ದಿನ ಮಳೆ ಹಿಡಿದರೆ ಹೇಗೆ ನಡೆದುಕೊಳ್ಳಬೇಕೆಂಬ ವಿಷಯದಲ್ಲಿ ನಮ್ಮ ವಿವೇಚನೆ ಸಾಲದು. ಅಂದೇ ಮುಗಿಸಿ ತೀರಬೇಕೆಂಬ ಹಟವನ್ನು ನಾವು ಬಿಡಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಪನ್ಹಾಳದಿಂದ ಪಾವನಖಿಂಡಿಯವರೆಗಿನ ನಡಿಗೆಯನ್ನೇ ತೆಗೆದುಕೊಳ್ಳೋಣ. 1660ರ ಜುಲೈ ತಿಂಗಳಲ್ಲಿ ಸಿದ್ದಿ ಜೌಹರನ ಮುತ್ತಿಗೆಯಿಂದ ಪಾರಾಗಿ ಶಿವಾಜಿ ಮಹಾರಾಜರು ಮಳೆಯ ಇರುಳಿನಲ್ಲಿ ವಿಶಾಳಗಡದತ್ತ ಸಾಗಿದ ದಾರಿ ಇದು. ಬೆನ್ನಟ್ಟಿ ಬಂದ ಸೈನ್ಯವನ್ನು ಬಾಜಿಪ್ರಭು ದೇಶಪಾಂಡೆ ಘೋಡಖಿಂಡಿಯೆಂಬ ಇಕ್ಕಟ್ಟಿನ ಕಣಿವೆಯಲ್ಲಿ ತಡೆದು ನಿಲ್ಲಿಸಿ ಪ್ರಾಣವನ್ನರ್ಪಿಸಿದನು. ಆ ಕಣಿವೆಯೇ ಮುಂದೆ ಪಾವನಖಿಂಡಿಯಾಯಿತು. ಅದರ ಸ್ಮರಣೆಗಾಗಿ ವರ್ಷವರ್ಷವೂ ಜುಲೈಯಲ್ಲಿ ಅನೇಕ ತಂಡಗಳು 50 ಕಿಲೋಮೀಟರಿನಷ್ಟು ದೂರದ ಈ ಹಾದಿಯನ್ನು ಸಾಮಾನ್ಯವಾಗಿ ಎರಡು ದಿನಗಳಲ್ಲಿ ಕ್ರಮಿಸುತ್ತವೆ.

ಮೊದಲ ದಿನ ಮಸಾಯಿ ಪಠಾರದ ಬಯಲು, ಮಂಜು, ಹಾಡು, ಹುರುಪು. ಎರಡನೆಯ ದಿನ ಕೆಸರುಗದ್ದೆ, ಕಾಡು, ತುಂಬಿದ ಹಳ್ಳ. ಅಷ್ಟರಲ್ಲಿ ಕಾಲು ಬೊಬ್ಬೆಯೆದ್ದಿರುತ್ತದೆ, ನೆನೆದ ಬಟ್ಟೆ ಆರಿರುವುದಿಲ್ಲ, ಬುತ್ತಿ ಬರಿದಾಗಿರುತ್ತದೆ. ಆದರೆ ಗುರಿ ಹತ್ತಿರವಿದೆ; ಮರಳುವ ಬಸ್ಸು ಕಾದಿದೆ; ಮರುದಿನ ಕಚೇರಿಯಿದೆ. ಶಕ್ತಿ ಕುಗ್ಗಿದಷ್ಟೂ ಅವಸರ ಹೆಚ್ಚುವ ಹೊತ್ತು ಇದು. ಆತುರಗಾರನಿಗೆ ಬುದ್ಧಿ ಮಟ್ಟವೆಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಹಿಮ ಬೀಳುವ ನಾಡಿನಲ್ಲಿ ಮಾತ್ರ ಶೀತ ಕೊಲ್ಲುತ್ತದೆಂಬ ಭಾವನೆ ಸರಿಯಲ್ಲ. ನೀರು ನಿಶ್ಚಲವಾದ ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ತೊಯ್ದ ಹತ್ತಿಯ ಬಟ್ಟೆ, ಅದರ ಮೇಲೆ ಬೀಸುವ ಗಾಳಿ, ಹಸಿದ ಹೊಟ್ಟೆ, ದಣಿದ ಸ್ನಾಯು—ಈ ನಾಲ್ಕೂ ಕೂಡಿದರೆ ಅಷ್ಟೇನೂ ತಂಪಲ್ಲದ ಹವೆಯಲ್ಲಿಯೂ 37 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರಬೇಕಾದ ದೇಹದ ಒಳಶಾಖ ಇಳಿಯತೊಡಗುತ್ತದೆ. ಅದು 35 ಡಿಗ್ರಿಗಿಂತ ಕೆಳಗಿಳಿದ ಸ್ಥಿತಿಯನ್ನು ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ನಡುಕವು ದೇಹ ತನ್ನನ್ನು ತಾನೇ ಕಾಯಿಸಿಕೊಳ್ಳುವ ಉಪಾಯ. ಅದಕ್ಕೂ ಆಹಾರವೆಂಬ ಇಂಧನ ಬೇಕು. ಮುಂದೆ ಬೆರಳುಗಳು ಮಾತು ಕೇಳವು, ನಾಲಗೆ ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಬುದ್ಧಿ ಮಂಕಾಗುತ್ತದೆ. ಬುದ್ಧಿಯೇ ಮಂಕಾದವನು ತನಗೇನೂ ಆಗಿಲ್ಲವೆಂದರೆ ಆ ಮಾತನ್ನು ನಂಬಲಾಗದು.

ಅಂಥವನನ್ನು ಗಾಳಿಯ ಮರೆಗೆ ಕರೆದೊಯ್ದು, ಒದ್ದೆ ಬಟ್ಟೆ ತೆಗೆದು, ಒಣಬಟ್ಟೆ ಕಂಬಳಿಗಳನ್ನು ಹೊದಿಸಬೇಕು. ಪೂರ್ಣ ಎಚ್ಚರವಿದ್ದು ನುಂಗಬಲ್ಲನಾದರೆ ಬಿಸಿಯಾದ ಸಿಹಿ ಪಾನೀಯ ಕೊಡಬಹುದು. ಕೈಕಾಲು ತಿಕ್ಕುವುದಾಗಲಿ ಮದ್ಯ ಕುಡಿಸುವುದಾಗಲಿ ಸಲ್ಲದು. ಮಂಕು ಕವಿದಿರುವಾಗ ನಡುಕ ನಿಂತರೆ ಗುಣವಾಯಿತೆಂದು ತಿಳಿಯಬಾರದು. ಅದು ಕೇಡಿನ ಸೂಚನೆ. ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಇನ್ನು ಹಳ್ಳದ ಮಾತು. ರಭಸದಿಂದ ಹರಿಯುವ ನೀರು ಕೇವಲ 15 ಸೆಂಟಿಮೀಟರ್ ಆಳವಿದ್ದರೂ ಮನುಷ್ಯನನ್ನು ಕೆಡವಬಲ್ಲದು. ಘಟ್ಟದ ಹಳ್ಳ ಬೇಗ ಏರುವಂತೆ, ಮಳೆ ನಿಂತ ಮೇಲೆ ಬೇಗ ಇಳಿಯುವುದೂ ಉಂಟು. ಕಾಯುವ ತಾಳ್ಮೆಯುಳ್ಳವನಿಗೆ ದಾರಿ ದೊರೆಯಬಹುದು. ದೊರೆಯದಿದ್ದರೆ ಹಿಂದಿನ ಹಳ್ಳಿಗೆ ಮರಳುವುದೇ ಲೇಸು. ಗಾಯವಾದ ಕಾಲಿನಲ್ಲಿ ಕೆಸರುನೀರು ತುಳಿದವರು ಮನೆಗೆ ಬಂದ ಮೇಲೂ ಎಚ್ಚರದಿಂದಿರಬೇಕು. ತಿಂಗಳೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವಿಕೆ ಕಾಣಿಸಿಕೊಂಡರೆ ಅದು ಇಲಿಜ್ವರವಿರಬಹುದು. ನೀರಿನಲ್ಲಿ ನಡೆದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಇಷ್ಟೆಲ್ಲ ಅಂಜಿಕೆಯೇಕೆ, ಮಾವಳೆ ವೀರರು ಇದೇ ಮಳೆಯಲ್ಲಿ, ಅದೂ ರಾತ್ರಿಯಲ್ಲಿ ಸಾಗಲಿಲ್ಲವೇ ಎಂದು ಕೆಲವರು ಕೇಳುವುದುಂಟು. ಸಾಗಿದರು, ನಿಜ. ಅವರ ಬೆನ್ನ ಹಿಂದೆ ಶತ್ರುವಿದ್ದನು. ನಿಲ್ಲುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ನಮಗಿದೆ. ಆರೋಗ್ಯಕ್ಕಾಗಿ ಕೈಗೊಂಡ ನಡಿಗೆಯಲ್ಲಿ ಆರೋಗ್ಯವನ್ನೇ ಪಣಕ್ಕಿಡುವುದು ಶೌರ್ಯವೆನಿಸದು. ಮೇಲಾಗಿ ಬಾಜಿಪ್ರಭು ಕಣಿವೆಯಲ್ಲಿ ನಿಂತದ್ದು ಉಳಿದವರು ಸುರಕ್ಷಿತವಾಗಿ ತಲುಪಲೆಂದು. ಹಿಂದೆ ಬಿದ್ದ ಸಂಗಾತಿಯನ್ನು ಮಳೆಯಲ್ಲಿ ಬಿಟ್ಟು ಮುಂದೆ ಓಡುವವರು ಅವನ ಹೆಸರನ್ನು ಹೇಳಿಕೊಳ್ಳುವುದು ಉಚಿತವಲ್ಲ.

ಆದುದರಿಂದ ಇಂಥ ಪ್ರವಾಸಗಳನ್ನು ಏರ್ಪಡಿಸುವ ಸಂಘಸಂಸ್ಥೆಗಳಲ್ಲಿ ನನ್ನ ವಿನಂತಿ ಇಷ್ಟೇ. ಎರಡು ದಿನದ ನಡಿಗೆಗೆ ಮೂರು ದಿನದ ಅವಕಾಶವಿರಲಿ. ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ಹೆಜ್ಜೆಯೇ ತಂಡದ ಹೆಜ್ಜೆಯಾಗಲಿ. ನೀರು ಹೋಗದ ಚೀಲದಲ್ಲಿ ಒಂದು ಜೊತೆ ಒಣಬಟ್ಟೆಯೂ ಬೆಲ್ಲ, ಕಡಲೆ, ಚಿಕ್ಕಿಗಳೂ ಕಡೆಯ ದಿನಕ್ಕೆಂದೇ ಮೀಸಲಾಗಿರಲಿ. ಎಲ್ಲಿ ನಿಲ್ಲಬೇಕು, ಯಾವಾಗ ಹಿಂದಿರುಗಬೇಕೆಂಬುದನ್ನು ನಿರ್ಧರಿಸುವ ಅಧಿಕಾರ ಒಬ್ಬ ಅನುಭವಸ್ಥರಿಗಿರಲಿ. ಅದನ್ನು ಹೊರಡುವ ಮೊದಲೇ ಎಲ್ಲರಿಗೂ ತಿಳಿಸಿರಲಿ. ಮನೆಯಲ್ಲಿ ಕಾದಿರುವ ತಾಯಿತಂದೆಯರಾದರೂ ಮಗ ಒಂದು ದಿನ ತಡವಾಗಿ ಬಂದನೆಂದು ಮುನಿಯದಿರಲಿ. ಪಾವನಖಿಂಡಿ ಮುಂದಿನ ಮಳೆಗಾಲಕ್ಕೂ ಅಲ್ಲಿಯೇ ಇರುತ್ತದೆ. ಅದನ್ನು ನೋಡಲು ನಮ್ಮ ಮಕ್ಕಳೂ ಇರಬೇಕು.