ಋಣ ಎರಡು ಸಾವಿರ

2025ರ ಜೂನ್ ತಿಂಗಳ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಬಹಳ ವರ್ಷಗಳಿಂದ ತಂತ್ರಾಂಶ ಬರೆಯುವ ಉದ್ಯೋಗದಲ್ಲಿರುವವನು. ಕಾಫಿ ಕುಡಿಯುತ್ತಾ, "ನಮ್ಮ ಕಸುಬಿನ ದೊಡ್ಡ ಮೇಷ್ಟ್ರೊಬ್ಬರು ಐದನೇ ತಾರೀಖು ತೀರಿಕೊಂಡರು, ಸಾರ್" ಎಂದ. ಅವನು ಹೇಳಿದ ಹೆಸರು ಬಿಲ್ ಅಟ್ಕಿನ್ಸನ್. ನಾನು ಅದುವರೆಗೆ ಕೇಳಿರದ ಹೆಸರು. ಅಮೆರಿಕದ ಆಪಲ್ ಕಂಪನಿಯ ಲೀಸಾ ಮತ್ತು ಮ್ಯಾಕಿಂಟಾಷ್ ಗಣಕಗಳಿಗೆ, ತೆರೆಯ ಮೇಲೆ ಚಿತ್ರ ಮೂಡಿಸುವ ತಂತ್ರಾಂಶವನ್ನು ಬರೆದವರು ಅವರು. ಅವರ ಜೀವನದ ಒಂದು ಪ್ರಸಂಗವನ್ನು ಅವನು ಹೇಳಿದಾಗ ಇಬ್ಬರೂ ಮನಸಾರೆ ನಕ್ಕೆವು. ಅವನು ಹೊರಟುಹೋದ ಮೇಲೆ ನನ್ನ ನಗು ನಿಂತಿತು. ಆ ಕಥೆಯಲ್ಲಿ ನಾನು ಅಟ್ಕಿನ್ಸನ್ನರ ಪಕ್ಷದವನಲ್ಲ, ಅವರ ಮೇಲಧಿಕಾರಿಗಳ ಪಕ್ಷದವನು ಎಂಬುದು ನನಗೆ ಆಗ ಹೊಳೆಯಿತು.

ಪ್ರಸಂಗ ಇಷ್ಟೇ. 1982ರ ಆರಂಭದಲ್ಲಿ ಲೀಸಾ ಗಣಕದ ಕೆಲಸ ಭರದಿಂದ ಸಾಗಿತ್ತು. ತಂತ್ರಾಂಶ ಬರೆಯುವವರು ಎಷ್ಟು ಕೆಲಸ ಮಾಡುತ್ತಿದ್ದಾರೆಂದು ತಿಳಿಯಲು ಮೇಲಧಿಕಾರಿಗಳು ಒಂದು ನಮೂನೆ ಸಿದ್ಧಪಡಿಸಿದರು. ಪ್ರತಿ ವಾರವೂ ಒಬ್ಬೊಬ್ಬರೂ ತಾವು ಎಷ್ಟು ಸಾಲು ಬರೆದೆವೆಂದು ಅದರಲ್ಲಿ ತುಂಬಬೇಕು. ಅಟ್ಕಿನ್ಸನ್ ಆಗಷ್ಟೇ ತಮ್ಮ ತಂತ್ರಾಂಶದ ಒಂದು ಮುಖ್ಯ ಭಾಗವನ್ನು ಹೊಸ ರೀತಿಯಲ್ಲಿ ಯೋಚಿಸಿ ತಿರುಗಿ ಬರೆದಿದ್ದರು. ಅದು ಮೊದಲಿಗಿಂತ ಸುಮಾರು ಆರು ಪಟ್ಟು ವೇಗವಾಗಿ ಓಡತೊಡಗಿತ್ತು. ಸುಮಾರು ಎರಡು ಸಾವಿರ ಸಾಲುಗಳು ಬೇಡವಾಗಿದ್ದವು. ನಮೂನೆ ಕೈಗೆ ಬಂದಾಗ ಅವರು ಒಂದು ಕ್ಷಣ ಯೋಚಿಸಿ, ಸಾಲುಗಳ ಸಂಖ್ಯೆಯ ಜಾಗದಲ್ಲಿ –2000 ಎಂದು ಬರೆದರು. ಋಣ ಎರಡು ಸಾವಿರ! ಕೆಲವು ವಾರಗಳ ನಂತರ ಆ ನಮೂನೆಯನ್ನು ತುಂಬುವಂತೆ ಅವರನ್ನು ಕೇಳುವುದನ್ನೇ ಅಧಿಕಾರಿಗಳು ಬಿಟ್ಟರಂತೆ. ಮ್ಯಾಕಿಂಟಾಷ್ ತಂಡದಲ್ಲಿದ್ದ ಆಂಡಿ ಹರ್ಟ್ಸ್‌ಫೆಲ್ಡ್ ಎಂಬುವರು ಇದನ್ನು ದಾಖಲಿಸಿದ್ದಾರೆ.

ಆ ಎರಡು ಸಾವಿರ ಸಾಲುಗಳು ಯಾವುದಕ್ಕೆ ಸಂಬಂಧಿಸಿದವು ಎಂಬುದನ್ನು ವಿದ್ಯಾರ್ಥಿಯ ಬಾಯಿಂದ ಕೇಳಿ ತಿಳಿದುಕೊಂಡೆ. ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ಮೇಜಿನ ಮೇಲೆ ಹತ್ತಾರು ಉತ್ತರಪತ್ರಿಕೆಗಳನ್ನು ಒಂದರ ಮೇಲೊಂದು ಓರೆಕೋರೆಯಾಗಿ ಹರಡಿದ್ದೀರಿ ಎಂದುಕೊಳ್ಳಿ. ಕೆಳಗಿನ ಒಂದು ಪತ್ರಿಕೆಯಲ್ಲಿ ಕಣ್ಣಿಗೆ ಕಾಣುವ ಭಾಗಕ್ಕೆ ಮಾತ್ರ ಬಣ್ಣ ಬಳಿಯಬೇಕು. ಮೇಲಿರುವ ಪತ್ರಿಕೆಗಳಿಗೆ ಒಂದು ಹನಿಯೂ ತಾಗಬಾರದು. ಕಾಣುವ ಭಾಗ ಚೌಕವೂ ಅಲ್ಲ, ಆಯತವೂ ಅಲ್ಲ. ಮೂಲೆಮೂಲೆಗಳಾಗಿ ಕತ್ತರಿಸಿದ ಆಕಾರ. ಮೇಲಿನ ಒಂದು ಹಾಳೆಯನ್ನು ಸರಿಸಿದರೆ ಆ ಆಕಾರವೂ ಕೂಡಲೇ ಬದಲಾಗುತ್ತದೆ. ಗಣಕದ ತೆರೆಯ ಮೇಲೆ ಒಂದರ ಮೇಲೊಂದು ತೆರೆದುಕೊಳ್ಳುವ ಕಿಟಕಿಗಳ ಸಮಸ್ಯೆ ಇದೇ. ಇಂಥ ಯಾವುದೇ ಆಕಾರವನ್ನು ಸ್ವಲ್ಪ ಜಾಗದಲ್ಲಿ ಬರೆದಿಟ್ಟುಕೊಂಡು, ಕೂಡಿ ಕಳೆದು, ಕಣ್ಣು ಮಿಟುಕಿಸುವಷ್ಟರಲ್ಲಿ ಲೆಕ್ಕ ಮುಗಿಸುವ ಉಪಾಯವನ್ನು ಅಟ್ಕಿನ್ಸನ್ ಕಂಡುಹಿಡಿದರು. ಅವರು ಅದನ್ನು ರೀಜನ್ ಎಂದು ಕರೆದರು.

ಇದರ ಹಿಂದೆ ಒಂದು ಸ್ವಾರಸ್ಯವಿದೆ. 1979ರ ಡಿಸೆಂಬರ್‌ನಲ್ಲಿ ಅಟ್ಕಿನ್ಸನ್ ಮತ್ತು ಸ್ಟೀವ್ ಜಾಬ್ಸ್ ಮೊದಲಾದವರು ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರಕ್ಕೆ ಹೋಗಿ, 1973ರಲ್ಲೇ ರೂಪುಗೊಂಡಿದ್ದ ಆಲ್ಟೊ ಗಣಕವನ್ನು ನೋಡಿ ಬಂದಿದ್ದರು. ಮರೆಯಾದ ಕಿಟಕಿಯ ಕಾಣುವ ಭಾಗದಲ್ಲಷ್ಟೇ ಚಿತ್ರ ಮೂಡುವುದನ್ನು ತಾವು ಅಲ್ಲಿ ಕಂಡೆವೆಂದು ಅಟ್ಕಿನ್ಸನ್ ನಂಬಿದ್ದರು. ಆಲ್ಟೊಗೆ ಆ ವಿದ್ಯೆ ಬರುತ್ತಿರಲಿಲ್ಲವೆಂಬುದು ಅವರಿಗೆ ತಿಳಿದದ್ದು ಬಹಳ ಕಾಲದ ಮೇಲೆ. ಇನ್ನೊಬ್ಬರು ಮಾಡಿದ್ದಾರೆಂಬ ತಪ್ಪು ನಂಬಿಕೆಯೇ ಅವರಿಗೆ ಅದನ್ನು ಮಾಡುವ ಧೈರ್ಯ ಕೊಟ್ಟಿತು. ತರಗತಿಯಲ್ಲಿ ನಾವು "ಈ ಲೆಕ್ಕ ಸುಲಭ, ಹಿಂದಿನ ವರ್ಷದ ಮಕ್ಕಳೆಲ್ಲ ಮಾಡಿದ್ದಾರೆ" ಎಂದು ಹೇಳುತ್ತಿದ್ದುದು ನೆನಪಾಯಿತು.

ಆದರೆ ನನ್ನನ್ನು ನಿದ್ದೆಗೆಡಿಸಿದ್ದು ರೀಜನ್ ಅಲ್ಲ, ವೃತ್ತ. ವೃತ್ತದ ಬಿಂದುಗಳನ್ನು ಒಂದೊಂದಾಗಿ ಗುರುತಿಸಬೇಕಾದರೆ ನೇರವಾದ ದಾರಿಯಲ್ಲಿ ಪ್ರತಿಯೊಂದಕ್ಕೂ ವರ್ಗಮೂಲ ತೆಗೆಯಬೇಕು. ಆ ಕಾಲದ ಪುಟ್ಟ ಸಂಸ್ಕಾರಕಕ್ಕೆ ದಶಮಾಂಶದ ಲೆಕ್ಕವೇ ನೇರವಾಗಿ ಬರುತ್ತಿರಲಿಲ್ಲ. ವರ್ಗಮೂಲವೆಂದರೆ ಅದು ಬಸವಳಿಯುತ್ತಿತ್ತು. ಅಟ್ಕಿನ್ಸನ್ ವರ್ಗಮೂಲವನ್ನೇ ಬಿಟ್ಟರು. ಬೆಸಸಂಖ್ಯೆಗಳನ್ನು ಒಂದರಿಂದ ಕ್ರಮವಾಗಿ ಕೂಡುತ್ತಾ ಹೋದರೆ ಬರುವುದೆಲ್ಲ ವರ್ಗಸಂಖ್ಯೆಗಳೇ: 1+3=4, 1+3+5=9, 1+3+5+7=16. ಒಂದು ವರ್ಗದಿಂದ ಮುಂದಿನ ವರ್ಗಕ್ಕೆ ಹೋಗಲು ಮುಂದಿನ ಬೆಸಸಂಖ್ಯೆಯನ್ನು ಕೂಡಿದರೆ ಸಾಕು. ಹೀಗೆ ಬರೀ ಸಂಕಲನ ವ್ಯವಕಲನಗಳಿಂದಲೇ 1981ರಲ್ಲಿ ಅವರು ತೆರೆಯ ಮೇಲೆ ವೃತ್ತಗಳನ್ನೂ ಅಂಡಾಕಾರಗಳನ್ನೂ ಮಳೆ ಹನಿಗಳಂತೆ ಸುರಿಸಿ ತೋರಿಸಿದರು.

ಈಗ ನನ್ನ ವಿಷಯ.

1986ರ ಸುಮಾರಿಗೆ ಒಂಬತ್ತನೇ ತರಗತಿಯ ಕಿರುಪರೀಕ್ಷೆಯೊಂದರಲ್ಲಿ, 1ರಿಂದ 99ರವರೆಗಿನ ಬೆಸಸಂಖ್ಯೆಗಳ ಮೊತ್ತ ಕಂಡುಹಿಡಿಯಿರಿ ಎಂದು ಐದು ಅಂಕಗಳ ಪ್ರಶ್ನೆ ಕೊಟ್ಟಿದ್ದೆ. ಹುಡುಗಿಯೊಬ್ಬಳು ಚುಕ್ಕಿಗಳಿಂದ ಒಂದು ಚಿಕ್ಕ ಚೌಕ ಬರೆದಿದ್ದಳು. ಮೂಲೆಯಲ್ಲಿ ಒಂದು ಚುಕ್ಕಿ, ಅದನ್ನು ಬಳಸಿ ಮೂರು, ಅದನ್ನು ಬಳಸಿ ಐದು. ಕೆಳಗೆ, ಹೀಗೆ ಐವತ್ತು ಸುತ್ತು, ಆದ್ದರಿಂದ 50×50=2500 ಎಂದಿತ್ತು. ಅಷ್ಟೇ. ಅದೇ ಪ್ರಶ್ನೆಗೆ ಉಳಿದವರು 1ನ್ನು 99ರ ಜೊತೆ, 3ನ್ನು 97ರ ಜೊತೆ ಜೋಡಿಸುತ್ತಾ ಒಂದೂವರೆ ಪುಟ ತುಂಬಿಸಿದ್ದರು. ಅವರಿಗೆ ಐದಕ್ಕೆ ಐದು. ಇವಳಿಗೆ ನಾನು ಎರಡು ಅಂಕ ಕೊಟ್ಟು, ಕೆಂಪು ಶಾಯಿಯಲ್ಲಿ "ಹಂತಗಳೆಲ್ಲಿ?" ಎಂದು ಬರೆದೆ. ಅವಳು ಅಧ್ಯಾಪಕರ ಕೊಠಡಿಯ ಬಾಗಿಲಿಗೆ ಬಂದು, "ಸಾರ್, ಉತ್ತರ ಸರಿಯಿದೆಯಲ್ಲ?" ಎಂದು ಮೆಲ್ಲಗೆ ಕೇಳಿದಳು. "ಉತ್ತರ ಸರಿಯಿದ್ದರೆ ಸಾಲದಮ್ಮ, ಬರೆದಿರಬೇಕು" ಎಂದೆ. ಮುಂದಿನ ಪರೀಕ್ಷೆಯಲ್ಲಿ ಅವಳೂ ಪುಟಗಟ್ಟಲೆ ಬರೆದಳು. ಸುಧಾರಿಸಿದಳೆಂದು ಮೆಚ್ಚಿ ಪೂರ್ಣ ಅಂಕ ಕೊಟ್ಟೆ.

ಅದೇ ದಶಕದಲ್ಲಿ, ಅದೇ ಬೆಸಸಂಖ್ಯೆಗಳ ಗುಣವನ್ನು ಹಿಡಿದು ಭೂಮಿಯ ಇನ್ನೊಂದು ಮಗ್ಗುಲಲ್ಲಿ ಒಬ್ಬರು ಗಣಕದ ತೆರೆಗೆ ವೃತ್ತ ಬಿಡಿಸಲು ಕಲಿಸಿದ್ದರು. ನಾನು ಆ ನಮೂನೆ ಹಂಚಿದ ಅಧಿಕಾರಿಯ ಕುರ್ಚಿಯಲ್ಲಿ ಕುಳಿತಿದ್ದೆ.

ನನ್ನ ಪರವಾಗಿಯೂ ಒಂದು ಮಾತಿದೆ. ಅದನ್ನು ಹೇಳದಿದ್ದರೆ ಪ್ರಾಮಾಣಿಕತೆಯಾಗುವುದಿಲ್ಲ. ಹಂತಗಳನ್ನು ಬರೆಯಿರಿ ಎಂದು ಮೇಷ್ಟ್ರುಗಳು ಹೇಳುವುದು ಸುಮ್ಮನೆ ಅಲ್ಲ. ವಿದ್ಯಾರ್ಥಿ ಹೇಗೆ ಯೋಚಿಸಿದನೆಂದು ತಿಳಿಯಲು ಬೇರೆ ದಾರಿಯಿಲ್ಲ. ಪಕ್ಕದವನ ಹಾಳೆ ನೋಡಿ ಉತ್ತರ ಬರೆದವನೂ ಚುಟುಕಾಗಿಯೇ ಬರೆಯುತ್ತಾನೆ. ಆದರೆ ಆ ಹುಡುಗಿಯ ಚುಕ್ಕಿಗಳ ಚೌಕವೇ ಅವಳ ಹಂತಗಳಾಗಿದ್ದವು. ಅದನ್ನು ನೋಡುವ ತಾಳ್ಮೆ ನನಗಿರಲಿಲ್ಲ. ಅರ್ಥ ಮಾಡಿಕೊಳ್ಳುವುದಕ್ಕಿಂತ ಎಣಿಸುವುದು ಸುಲಭ. ಸಾಲು ಎಣಿಸುವ ಅಧಿಕಾರಿಯಾಗಲಿ, ಪುಟ ಎಣಿಸುವ ಮೇಷ್ಟ್ರಾಗಲಿ ಮಾಡುವ ತಪ್ಪು ಇದೊಂದೇ.

ಆ ಕಾಲದ ಗಣಕಗಳು ಸಾಲು ಉಳಿಸುವಂತೆ ಒತ್ತಾಯಿಸುತ್ತಿದ್ದವು ಎಂಬುದೂ ನಿಜ. 1975ರಲ್ಲಿ ಬಿಲ್ ಗೇಟ್ಸ್, ಪಾಲ್ ಅಲೆನ್ ಮತ್ತು ಮಾಂಟಿ ಡೇವಿಡಾಫ್ ಸೇರಿ ಆಲ್ಟೇರ್ ಎಂಬ ಗಣಕಕ್ಕೆ ಬರೆದ ಬೇಸಿಕ್ ಭಾಷೆ 4 ಕಿಲೋಬೈಟು ಜಾಗದಲ್ಲಿ ಹಿಡಿಯುತ್ತಿತ್ತು. ಇಂದು ಕನ್ನಡದ ಒಂದೊಂದು ಅಕ್ಷರಕ್ಕೆ, ಒಂದೊಂದು ಗುಣಿತದ ಚಿಹ್ನೆಗೆ ಸಾಮಾನ್ಯವಾಗಿ 3 ಬೈಟುಗಳು ಬೇಕು. ಈ ಲೇಖನದ ಮೊದಲ ಎರಡು ಮೂರು ಪ್ಯಾರಾಗಳಿಗೇ ಆ ಜಾಗ ಮುಗಿದುಹೋಗುತ್ತದೆ. ಸ್ಟೀವ್ ವೋಜ್ನಿಯಾಕ್ ತಮ್ಮ ಆಪಲ್ ಗಣಕದ ಬೇಸಿಕ್ ಭಾಷೆಯನ್ನು ಕಾಗದದ ಮೇಲೆ ಬರೆದು, ಕೈಯಿಂದಲೇ ಯಂತ್ರಭಾಷೆಯ ಅಂಕಿಗಳಿಗೆ ಪರಿವರ್ತಿಸಿದರು. 1984ರ ಜನವರಿಯಲ್ಲಿ ಬಂದ ಮ್ಯಾಕಿಂಟಾಷ್‌ನ ಒಟ್ಟು ನೆನಪು 128 ಕಿಲೋಬೈಟು. ಅದರಲ್ಲಿ ಸುಮಾರು 22 ತೆರೆಯ ಚಿತ್ರಕ್ಕೇ ಮೀಸಲು. ಅದಕ್ಕೆ ಬೇಕಾದ ತಂತ್ರಾಂಶವನ್ನು ಅದರಲ್ಲೇ ಬರೆಯಲಾಗದೆ, ಹೆಚ್ಚು ನೆನಪುಳ್ಳ ಲೀಸಾದಲ್ಲಿ ಬರೆದು ಇದಕ್ಕೆ ಸಾಗಿಸುತ್ತಿದ್ದರು.

ಇಕ್ಕಟ್ಟು ತಾನಾಗಿಯೇ ಸದ್ಗುಣವಾಗುವುದಿಲ್ಲ. ಹಿಂದಿನದೆಲ್ಲ ಚಿನ್ನ ಎಂದು ಹೇಳುವ ಮುದುಕನೆಂದು ನನ್ನನ್ನು ಭಾವಿಸಬೇಡಿ. ಇಸವಿಗೆ ನಾಲ್ಕು ಅಂಕಿಯ ಬದಲು ಎರಡೇ ಅಂಕಿ ಬರೆದು ಜಾಗ ಉಳಿಸಿದ್ದರ ಫಲವಾಗಿ 2000ನೇ ಇಸವಿ ಬರುವ ಮುನ್ನ ಜಗತ್ತಿನ ತುಂಬ ತಂತ್ರಾಂಶಗಳನ್ನು ತಿದ್ದಬೇಕಾಯಿತು. ಬೆಂಗಳೂರಿನ ಎಷ್ಟೋ ತರುಣರಿಗೆ ಆ ತಿದ್ದುಪಡಿಯೇ ಉದ್ಯೋಗವಾಯಿತು. ಮ್ಯಾಕಿಂಟಾಷ್‌ನಲ್ಲೂ ಅಂಥದೇ ನಡೆಯಿತು. ಅದರ ಸಂಸ್ಕಾರಕ 32 ಅಂಕಿಗಳ ವಿಳಾಸದಲ್ಲಿ 24ನ್ನು ಮಾತ್ರ ಗಮನಿಸುತ್ತಿತ್ತು. ಖಾಲಿ ಉಳಿದ ಎಂಟರಲ್ಲಿ ತಂತ್ರಾಂಶ ಬರೆದವರು ತಮ್ಮ ಸಣ್ಣಪುಟ್ಟ ಗುರುತುಗಳನ್ನು ತುರುಕಿದರು. ಮುಂದೆ 32ನ್ನೂ ಗಮನಿಸುವ ಗಣಕಗಳು ಬಂದವು. 1991ರಲ್ಲಿ ಹೊಸ ವ್ಯವಸ್ಥೆ ಆ ಪೂರ್ಣ ವಿಳಾಸವನ್ನು ಬಳಸಲು ಅವಕಾಶ ಕೊಟ್ಟಾಗ ಹಳೆಯ ತಂತ್ರಾಂಶಗಳು ಮುಗ್ಗರಿಸಿದವು. ಇವೆರಡೂ ಸಾಲ ಮಾಡಿ ನಡೆಸಿದ ಸಂಸಾರಗಳು. ಬೆಸಸಂಖ್ಯೆಗಳಿಂದ ವೃತ್ತ ಬಿಡಿಸಿದ್ದರಲ್ಲಿ ಯಾವ ಸಾಲವೂ ಇರಲಿಲ್ಲ. ಅಲ್ಲಿ ಕಡಿಮೆಯಾದದ್ದು ಕೆಲಸ, ಅರ್ಥವಲ್ಲ.

ಹಾಗಾದರೆ ಅಳತೆಗೋಲು ಯಾವುದು? ನನಗೆ ತೋರುವ ಉತ್ತರ ಅಟ್ಕಿನ್ಸನ್ನರ ಇನ್ನೊಂದು ಪ್ರಸಂಗದಲ್ಲಿದೆ. ಲೀಸಾದ ಕೆಲಸ ನಡೆಯುತ್ತಿದ್ದಾಗ ಅವರ ಕಾರು ನಿಂತಿದ್ದ ಲಾರಿಯೊಂದಕ್ಕೆ ಬಡಿದು ಅವರು ಆಸ್ಪತ್ರೆ ಸೇರಿದರು. ನೋಡಲು ಬಂದ ಜಾಬ್ಸ್ ಅವರಿಗೆ, ಚಿಂತೆ ಬೇಡ, ರೀಜನ್‌ಗಳು ಇನ್ನೂ ನೆನಪಿನಲ್ಲಿವೆ ಎಂದು ಹೇಳಿದರಂತೆ. ತಲೆಗೆ ಪೆಟ್ಟು ಬಿದ್ದ ಮನುಷ್ಯನ ನೆನಪಿನಲ್ಲೂ ಉಳಿಯುವಷ್ಟು ಆ ವಿದ್ಯೆ ಸ್ಪಷ್ಟವಾಗಿತ್ತು. ಆ ಚಿತ್ರದ ತಂತ್ರಾಂಶವನ್ನು 2010ರಲ್ಲಿ ಅಮೆರಿಕದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಆಪಲ್‌ನ ಅನುಮತಿಯಿಂದ ಎಲ್ಲರೂ ಓದುವಂತೆ ಪ್ರಕಟಿಸಿತು. ಒಟ್ಟು ಸುಮಾರು 17,000 ಸಾಲುಗಳು. ಶ್ರದ್ಧೆಯಿರುವ ಒಬ್ಬ ಮನುಷ್ಯ ಕುಳಿತು ಓದಿ ಪೂರ್ತಿ ತಿಳಿದುಕೊಳ್ಳಬಹುದಾದ ಗ್ರಂಥ ಅದು.

ಈಗ ನೀವು ಕೆಲಸ ಮಾಡುವ ಕಡೆ ಲಕ್ಷಾಂತರ ಸಾಲುಗಳ ತಂತ್ರಾಂಶಗಳಿವೆ. ಅವನ್ನು ಯಾರೊಬ್ಬರ ತಲೆಯಲ್ಲೂ ಇಟ್ಟುಕೊಳ್ಳಲಾಗದೆಂದು ಬಲ್ಲೆ. ಮೇಲಾಗಿ ಈಗ ಯಂತ್ರವೇ ನಿಮಿಷಗಳಲ್ಲಿ ನೂರಾರು ಸಾಲು ಬರೆದುಕೊಡುತ್ತದೆಯಂತೆ. ಬಂದಿದ್ದ ವಿದ್ಯಾರ್ಥಿ ಹೊರಡುವಾಗ ಹೇಳಿದ ಮಾತು ಇದು: "ಈಗ ಬರೆಯುವುದು ಕಷ್ಟವಲ್ಲ ಸಾರ್, ಬರೆದದ್ದನ್ನು ಓದುವವರಿಲ್ಲ." ಬರೆಯುವುದು ಇಷ್ಟು ಅಗ್ಗವಾದ ಕಾಲದಲ್ಲಿ ಸಾಲಿನ ಲೆಕ್ಕ ಹಿಂದೆಂದಿಗಿಂತ ಹೆಚ್ಚು ಮೋಸ ಮಾಡುತ್ತದೆ. ಅರ್ಥವಾಗದ ನೂರು ಸಾಲನ್ನು ಸೇರಿಸಿದವನಿಗೆ ಬಡ್ತಿ, ತಿಳಿದು ಹತ್ತು ಸಾಲನ್ನು ತೆಗೆದವನಿಗೆ ಪ್ರಶ್ನೆ ಎಂದಾದರೆ, ನನ್ನ ಹುಡುಗಿಯಂತೆ ನಿಮ್ಮ ಕೈಕೆಳಗಿನ ತರುಣರೂ ಬೇಗನೆ ಪುಟ ತುಂಬಿಸಲು ಕಲಿತುಬಿಡುತ್ತಾರೆ. ಕಲಿಸಿದವರು ನೀವೇ ಆಗಿರುತ್ತೀರಿ.

ನಿಮ್ಮಲ್ಲಿ ಹಲವರು ಇಂದು ಇತರರ ಕೆಲಸವನ್ನು ಅಳೆಯುವ ಸ್ಥಾನದಲ್ಲಿದ್ದೀರಿ. ನನ್ನದೊಂದು ಕೋರಿಕೆ. ಎಷ್ಟು ಬರೆದೆ ಎಂದು ಕೇಳುವ ಮೊದಲು, ಬರೆದವನನ್ನು ಎದುರಿಗೆ ಕೂರಿಸಿಕೊಂಡು, ಇದು ಹೇಗೆ ನಡೆಯುತ್ತದೆ ಹೇಳಪ್ಪ ಎಂದು ಕೇಳಿ. ಹೇಳಬಲ್ಲವನಾದರೆ ಸಾಲು ಹೆಚ್ಚಿದ್ದರೂ ಕಡಿಮೆಯಿದ್ದರೂ ಚಿಂತೆಯಿಲ್ಲ. ಹೀಗೆ ಕೇಳಲು ಐದು ನಿಮಿಷ ಹೆಚ್ಚು ಬೇಕು. ಅಂದು ಕೊಠಡಿಯ ಬಾಗಿಲಲ್ಲಿ ಆ ಐದು ನಿಮಿಷವನ್ನೇ ನಾನು ಕೊಡಲಿಲ್ಲ.

ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಐವತ್ತು ದಾಟಿದ ಗೃಹಸ್ಥೆಯಾಗಿರಬೇಕು. ಅವಳು ಇದನ್ನು ಓದಿದರೆ, ಅಥವಾ ಅವಳ ಸಹಪಾಠಿಗಳು ಯಾರಾದರೂ ಅವಳಿಗೆ ತಲುಪಿಸಿದರೆ, ಒಂದು ಮಾತು: ಅಮ್ಮಾ, ನಿನ್ನ ಉತ್ತರ ಸರಿಯಿತ್ತು, ಹಂತಗಳೂ ಇದ್ದವು. ಮೂರು ಅಂಕಗಳ ಋಣ ನನ್ನ ಮೇಲಿದೆ.