ಉತ್ತರ ಹೇಳುವ ಆಸನ ತೆರವಾಗಬಾರದು: ಫುಟ್‌ಬಾಲ್ ಪ್ರೇಮಿಗಳಲ್ಲಿ ವಿಜ್ಞಾಪನೆ

ವೃತ್ತಿಪರ ಫುಟ್‌ಬಾಲಿನಲ್ಲಿ ಪಂದ್ಯಕ್ಕೆ ಮುನ್ನವೂ ಪಂದ್ಯ ಮುಗಿದ ಮೇಲೂ ತರಬೇತುದಾರನೂ ಆಟಗಾರರೂ ಪತ್ರಕರ್ತರ ಮುಂದೆ ಬಂದು ಪ್ರಶ್ನೆಗಳಿಗೆ ಉತ್ತರ ಹೇಳತಕ್ಕದ್ದೆಂಬ ಕಟ್ಟಳೆಯುಂಟು. ಆಡುವವನ ಕೆಲಸ ಆಡುವುದೇ ಹೊರತು ಮಾತನಾಡುವುದಲ್ಲವೆಂದೂ, ಇಷ್ಟವಿದ್ದವರು ಬರಲಿ, ಇಲ್ಲದವರು ಮನೆಗೆ ಹೋಗಲಿ ಎಂದೂ ವಾದಿಸುವವರು ಇರುವುದರಿಂದ, ಆ ಕಟ್ಟಳೆಯ ಪರವಾಗಿ ನಾಲ್ಕು ಮಾತನ್ನು ಕನ್ನಡಿಗರ ಮುಂದಿಡುವುದು ಕರ್ತವ್ಯವೆಂದು ಭಾವಿಸಿದ್ದೇವೆ. ನಮ್ಮ ವಾದ ಒಂದೇ: ಪ್ರಶ್ನಿಸುವವನನ್ನು ಆರಿಸಿಕೊಳ್ಳುವ ಅಧಿಕಾರವು ಉತ್ತರ ಹೇಳಬೇಕಾದವನ ಕೈಯಲ್ಲಿ ಇರಕೂಡದು.

ಆ ಅಧಿಕಾರ ಕೈಗೆ ಸಿಕ್ಕಿದಾಗ ಏನಾಗುತ್ತದೆಂಬುದನ್ನು ಇಂಗ್ಲೆಂಡಿನ ಇತಿಹಾಸವೇ ತೋರಿಸಿಕೊಟ್ಟಿದೆ. 2004ರಲ್ಲಿ ಬಿಬಿಸಿಯು ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ತರಬೇತುದಾರ ಅಲೆಕ್ಸ್ ಫರ್ಗುಸನ್ನರ ಮಗನ ವ್ಯವಹಾರಗಳನ್ನು ಕುರಿತು ಒಂದು ಸಾಕ್ಷ್ಯಚಿತ್ರವನ್ನು ಪ್ರಸಾರ ಮಾಡಿತು. ತಂದೆಯಾಗಿ ಅವರಿಗಾದ ನೋವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ನೋವಿನ ಫಲವಾಗಿ ಅವರು ಆ ಸಂಸ್ಥೆಯೊಡನೆ ಮಾತನಾಡುವುದನ್ನೇ ನಿಲ್ಲಿಸಿ, ಪಂದ್ಯ ಮುಗಿದೊಡನೆ ತಮ್ಮ ಬದಲಿಗೆ ಸಹಾಯಕರನ್ನು ಕಳುಹಿಸತೊಡಗಿದರು. 2010ರಲ್ಲಿ ಪ್ರೀಮಿಯರ್ ಲೀಗ್ ನಿಯಮವನ್ನು ಬಿಗಿಗೊಳಿಸಿದ ಮೇಲೂ ಒಂದು ಋತು ಹಾಗೆಯೇ ಕಳೆದು, 2011ರ ಆಗಸ್ಟಿನಲ್ಲಿ ಮಾತ್ರ ಆ ಮೌನ ಮುರಿಯಿತು. ಈ ಏಳು ವರ್ಷಗಳಲ್ಲಿ ಆ ತಂಡ ನಾಲ್ಕು ಬಾರಿ ಲೀಗನ್ನೂ, 2008ರಲ್ಲಿ ಯೂರೋಪಿನ ಚಾಂಪಿಯನ್ ಪಟ್ಟವನ್ನೂ ಗೆದ್ದಿತೆಂಬುದನ್ನು ನೆನೆದರೆ, ಬಿಬಿಸಿಗೆ ವರ್ಷವರ್ಷವೂ ಶುಲ್ಕ ತೆತ್ತ ಸಾಮಾನ್ಯ ಪ್ರೇಕ್ಷಕನಿಗೆ ಎಷ್ಟು ನಷ್ಟವಾಯಿತೆಂಬುದು ತಿಳಿದೀತು. ಅವನು ಆ ಸಾಕ್ಷ್ಯಚಿತ್ರವನ್ನು ತಯಾರಿಸಿದವನಲ್ಲ. ಆದರೂ ಶಿಕ್ಷೆ ಅನುಭವಿಸಿದವನು ಅವನೇ.

ಇಂದು ಈ ಅಪಾಯ ಇನ್ನೂ ಸೂಕ್ಷ್ಮವಾಗಿದೆ. ಪ್ರತಿಯೊಂದು ದೊಡ್ಡ ಕ್ಲಬ್ಬೂ ತನ್ನದೇ ವಾಹಿನಿಯನ್ನು ನಡೆಸುತ್ತದೆ. ಅಲ್ಲಿ ಪ್ರಶ್ನೆ ಕೇಳುವವನೂ ಉತ್ತರ ಹೇಳುವವನೂ ಒಂದೇ ಖಜಾನೆಯಿಂದ ಸಂಬಳ ಪಡೆಯುವವರು. ಅಂಥ ಸಂಭಾಷಣೆ ಎಷ್ಟೇ ಸೊಗಸಾಗಿದ್ದರೂ ಅದು ಜಾಹೀರಾತು. ಟಿಕೆಟ್ಟಿನ ಬೆಲೆ ಏಕೆ ಏರಿತು, ಗಾಯಗೊಂಡವನನ್ನು ಏಕೆ ಆಡಿಸಿದಿರಿ ಎಂಬ ಪ್ರಶ್ನೆಗಳು ಅಲ್ಲಿ ಹುಟ್ಟಲಾರವು.

ಕಡ್ಡಾಯದ ಆಸನವು ಬಲಶಾಲಿಗಳನ್ನು ಹಿಡಿದು ಕೂರಿಸುವುದಷ್ಟೇ ಅಲ್ಲ, ಬೇರೆಡೆ ಬಾಯಿ ತೆರೆಯಲಾರದವರಿಗೆ ಸ್ಥಳವನ್ನೂ ಕೊಡುತ್ತದೆ. 2022ರ ಕತಾರ್ ವಿಶ್ವಕಪ್ಪನ್ನು ನೆನೆಯಿರಿ. ಮಾಹ್ಸಾ ಅಮೀನಿ ಎಂಬ ಯುವತಿಯ ಸಾವಿನ ತರುವಾಯ ಇರಾನಿನಲ್ಲಿ ಜನ ಬೀದಿಗಿಳಿದಿದ್ದ ಕಾಲ. ಇಂಗ್ಲೆಂಡಿನೊಡನೆ ನಡೆಯಬೇಕಾಗಿದ್ದ ಪಂದ್ಯದ ಮುನ್ನಾದಿನ, ನಿಯಮದಂತೆ ಪತ್ರಿಕಾಗೋಷ್ಠಿಗೆ ಬಂದ ಇರಾನ್ ತಂಡದ ಎಹ್ಸಾನ್ ಹಾಜ್‌ಸಫಿಯವರು, ತಮ್ಮ ನಾಡಿನಲ್ಲಿ ಮಕ್ಕಳನ್ನೂ ಬಂಧುಗಳನ್ನೂ ಕಳೆದುಕೊಂಡ ಕುಟುಂಬಗಳಿಗೆ ಸಂತಾಪ ಸೂಚಿಸಿ, ತಾವು ಅವರ ಜೊತೆಗಿರುವುದಾಗಿಯೂ, ದೇಶದ ಸ್ಥಿತಿ ಸರಿಯಿಲ್ಲವೆಂಬುದನ್ನು ಒಪ್ಪಲೇಬೇಕೆಂದೂ ಜಗತ್ತಿನ ಮುಂದೆ ನುಡಿದರು. ಪ್ರತ್ಯೇಕವಾಗಿ ಅನುಮತಿ ಬೇಡಿ ಇಂಥ ಮಾತಾಡುವುದು ಅವರಿಗೆ ಸಾಧ್ಯವಿತ್ತೆ? ಅದೇ ವಾರ ಜರ್ಮನಿಯ ತರಬೇತುದಾರ ಹಾನ್ಸಿ ಫ್ಲಿಕ್ ಸ್ಪೇನಿನ ವಿರುದ್ಧದ ಪಂದ್ಯಕ್ಕೆ ಮುನ್ನ, ಉತ್ತರದ ಶಿಬಿರದಿಂದ ದೋಹಾದವರೆಗಿನ ಪಯಣ ಆಟಗಾರರಿಗೆ ಆಯಾಸವೆಂದು ಯಾರನ್ನೂ ಕರೆತರದೆ ಒಬ್ಬರೇ ಬಂದು ಕುಳಿತರು. ಫಿಫಾ ವಿಧಿಸಿದ ದಂಡ 10,000 ಸ್ವಿಸ್ ಫ್ರಾಂಕ್. ಅಷ್ಟು ಶ್ರೀಮಂತವಾದ ಜರ್ಮನ್ ಒಕ್ಕೂಟಕ್ಕೆ ಈ ಮೊತ್ತ ಒಂದು ಲೆಕ್ಕವೇ ಅಲ್ಲ. ಕಟ್ಟಳೆಯೆಂದ ಮೇಲೆ ಅದು ಸ್ಥಿತಿವಂತನಿಗೂ ತಾಗಬೇಕು.

ಪ್ರತಿಪಕ್ಷದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. 2014ರ ವಿಶ್ವಕಪ್ಪಿನಲ್ಲಿ ಅಲ್ಜೀರಿಯದ ವಿರುದ್ಧ ನೂರಿಪ್ಪತ್ತು ನಿಮಿಷ ಹೋರಾಡಿ ಗೆದ್ದ ಜರ್ಮನಿಯ ಪೆರ್ ಮೆರ್ಟೆಸಾಕರ್, ಇನ್ನೂ ಏದುಸಿರು ಬಿಡುತ್ತಿರುವಾಗಲೇ ದೂರದರ್ಶನದ ವರದಿಗಾರನು ಆಟ ಏಕೆ ಅಷ್ಟು ಸಪ್ಪೆಯಾಯಿತೆಂದು ಕೇಳಿದ್ದಕ್ಕೆ, ನಿಮಗೆ ಬೇಕಾದುದೇನೆಂದು ಕೆರಳಿ, ತಾನು ಮೂರು ದಿನ ಮಂಜುಗಡ್ಡೆಯ ತೊಟ್ಟಿಯಲ್ಲಿ ಮಲಗುವೆನೆಂದು ಹೇಳಿ ಹೊರಟುಹೋದರು. ಅಲ್ಲಿ ತಪ್ಪಿದ್ದುದು ಹೊತ್ತು, ಕಟ್ಟಳೆಯಲ್ಲ. ಬೆವರು ಆರುವ ಮುನ್ನ ಬಾಯಿಗೆ ಮೈಕು ಹಿಡಿಯುವುದು ಪ್ರಸಾರಕರ ಅವಸರವೇ ಹೊರತು ಪ್ರೇಕ್ಷಕನ ಹಕ್ಕಲ್ಲ. ಸ್ನಾನ, ವಿಶ್ರಾಂತಿ, ವೈದ್ಯರ ಉಪಚಾರ ಇವೆಲ್ಲ ಮುಗಿದ ಮೇಲೆ ಕೇಳಿದರೆ ಯಾರ ಗಂಟೂ ಹೋಗದು. ಟೆನಿಸಿನಲ್ಲಿ ನವೋಮಿ ಒಸಾಕಾ 2021ರಲ್ಲಿ ಮನಸ್ಸಿನ ಸ್ವಾಸ್ಥ್ಯಕ್ಕಾಗಿ ಗೋಷ್ಠಿಗೆ ಬರಲೊಲ್ಲದೆ ದಂಡ ತೆತ್ತು, ಕೊನೆಗೆ ಪಂದ್ಯಾವಳಿಯನ್ನೇ ತೊರೆದುದನ್ನು ಕಂಡು ನಮ್ಮ ಮನಸ್ಸೂ ಮರುಗಿದೆ. ವೈದ್ಯರು ಬೇಡವೆಂದವರಿಗೆ ವಿನಾಯಿತಿ ಇರಲೇಬೇಕು. ಆದರೂ ಫುಟ್‌ಬಾಲಿನಲ್ಲಿ ಇದಕ್ಕೆ ಇನ್ನೊಂದು ಮುಖವುಂಟು. 2018ರ ವಿಶ್ವಕಪ್ಪಿಗೆ ಮುನ್ನ ಇಂಗ್ಲೆಂಡ್ ತನ್ನ ಇಪ್ಪತ್ತಮೂರು ಆಟಗಾರರನ್ನೂ ಒಂದೇ ದಿನ ಪತ್ರಕರ್ತರ ಮುಂದೆ ಕೂರಿಸಿತು. ಆ ತಂಡದ ಡ್ಯಾನಿ ರೋಸ್ ತಾವು ಖಿನ್ನತೆಯಿಂದ ಬಳಲಿದ್ದನ್ನು ಪತ್ರಕರ್ತರಿಗೆ ತೆರೆದ ಮನಸ್ಸಿನಿಂದ ಹೇಳಿಕೊಂಡದ್ದು ಆ ದಿನಗಳಲ್ಲಿಯೇ.

ಇನ್ನು, ಈ ಗೋಷ್ಠಿಗಳಲ್ಲಿ ಕೇಳಿಬರುವುದೆಲ್ಲ ಸವೆದ ಮಾತೇ ಎಂಬ ಆಕ್ಷೇಪ. ಹೌದು, ಬಹುದಿನ ಹಾಗೆಯೇ. ಶಾಸನಸಭೆಯ ಪ್ರಶ್ನೋತ್ತರ ವೇಳೆಯೂ ಬಹುದಿನ ನೀರಸವಾಗಿಯೇ ಇರುತ್ತದೆ. ಆ ಕಾರಣಕ್ಕಾಗಿ ಅದನ್ನು ರದ್ದುಮಾಡೋಣವೆಂದು ಯಾರೂ ಹೇಳಿಲ್ಲ.

ನಮ್ಮ ಬೆಂಗಳೂರಿನ ಮಾತಿಗೆ ಬರೋಣ. 2023ರ ಮಾರ್ಚ್ 3ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ, ಎದುರಾಳಿಗಳು ಅಣಿಯಾಗುವ ಮುನ್ನವೇ ಫ್ರೀ ಕಿಕ್ ಹೊಡೆದು ಗೋಲು ಗಳಿಸಿದಾಗ, ಕೇರಳ ಬ್ಲಾಸ್ಟರ್ಸ್ ತಂಡ ಪ್ರತಿಭಟಿಸಿ ಮೈದಾನ ಬಿಟ್ಟು ನಡೆಯಿತು. ಮುಂದೆ ಅದಕ್ಕೆ 4 ಕೋಟಿ ರೂಪಾಯಿ ದಂಡ ಬಿತ್ತು. ಆ ಗೋಲನ್ನು ಯಾವ ಆಧಾರದ ಮೇಲೆ ಒಪ್ಪಿದೆನೆಂದು ಹೇಳಬಲ್ಲವನು ತೀರ್ಪುಗಾರನೊಬ್ಬನೇ. ಆದರೆ ಆಟಗಾರನಿಗಿರುವ ಕಟ್ಟಳೆ ಅವನಿಗಿಲ್ಲ. ಎರಡು ಊರಿನ ಅಭಿಮಾನಿಗಳು ತಿಂಗಳುಗಟ್ಟಲೆ ಪರಸ್ಪರ ಹಳಿದುಕೊಳ್ಳುವುದಕ್ಕಿಂತ, ಅವನ ಬಾಯಿಂದಲೇ ಹತ್ತು ನಿಮಿಷದ ವಿವರಣೆ ಅದೇ ರಾತ್ರಿ ದೊರೆತಿದ್ದರೆ ಎಷ್ಟು ಚೆನ್ನಾಗಿತ್ತು!

ಆದಕಾರಣ ಕ್ರೀಡಾಭಿಮಾನಿಗಳಲ್ಲಿ ನಮ್ಮ ಬಿನ್ನಹವೇನೆಂದರೆ, ತಾವು ತಮ್ಮ ತಮ್ಮ ಕ್ಲಬ್ಬಿಗೂ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟಕ್ಕೂ ಒಂದೊಂದು ಪತ್ರ ಬರೆದು, ಗೋಷ್ಠಿಯ ಕಟ್ಟಳೆಯನ್ನು ಸಡಿಲಿಸಬಾರದೆಂದೂ, ಆಟಗಾರರ ವಿಶ್ರಾಂತಿಗೆ ಸಾಕಷ್ಟು ಹೊತ್ತು ಬಿಡಬೇಕೆಂದೂ, ವಿವಾದವೆದ್ದ ಪಂದ್ಯಗಳಲ್ಲಿ ತೀರ್ಪುಗಾರರೂ ಬಂದು ಉತ್ತರ ಹೇಳಬೇಕೆಂದೂ ಒತ್ತಾಯಿಸತಕ್ಕದ್ದು.