ಜಿಂಕ್ ಮಾತ್ರೆ ಆಮೇಲೆ, ಮೊದಲು ಗಂಡಸರ ಪರೀಕ್ಷೆ ಆಗಲಿ

ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಾಗಿಲ್ಲ ಅಂದರೆ ನಮ್ಮ ಊರುಗಳಲ್ಲಿ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಸೊಸೆಯನ್ನು ಮೊದಲು ದೇವಸ್ಥಾನಕ್ಕೆ, ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳಕ್ಕೆ ಔಷಧಿ ಬಿಟ್ಟು ತೆಗೆಯುವ ಎಕ್ಸ್‌ರೇ, ಎಲ್ಲವೂ ಅವಳಿಗೇ. ಮಗನೋ, ಮೊಬೈಲ್‌ನಲ್ಲಿ ಒಂದು ವಿಡಿಯೋ ನೋಡಿ, ಮೆಡಿಕಲ್ ಶಾಪಿನಲ್ಲಿ ಮೆಲ್ಲಗೆ ಕೇಳಿ ಜಿಂಕ್ ಮಾತ್ರೆ ತರುತ್ತಾನೆ. ತಾನೂ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ ಅನ್ನುವ ಸಮಾಧಾನ ಅವನಿಗೆ.

ನನ್ನ ಪ್ರಕಾರ ತೊಂದರೆ ಇರುವುದೇ ಈ ಸಮಾಧಾನದಲ್ಲಿ. ಪರೀಕ್ಷೆ ತಪ್ಪಿಸಿಕೊಳ್ಳಲು ಗಂಡಸರಿಗೆ ಈ ಮಾತ್ರೆ ಒಂದು ನೆಪವಾಗಿದೆ.

ಜಿಂಕ್, ಅಂದರೆ ಸತು, ಸುಳ್ಳು ಔಷಧಿಯಲ್ಲ. ಮಕ್ಕಳಿಗೆ ಭೇದಿಯಾದಾಗ ಆಶಾ ಕಾರ್ಯಕರ್ತೆ ಓಆರ್‌ಎಸ್ ಜೊತೆ 14 ದಿನ ಕೊಡುವುದು ಇದೇ ಜಿಂಕ್ ಮಾತ್ರೆ. ವೀರ್ಯಾಣು ಬೆಳೆಯುವುದಕ್ಕೂ ಸತು ಬೇಕು. ಇದರ ಮಹತ್ವ ಗೊತ್ತಾಗಲು ಕಾರಣರಾದವರು ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್. 1958ರಲ್ಲಿ ಇರಾನಿನ ಶಿರಾಜ್‌ನಲ್ಲಿ ಅವರ ಬಳಿ ಬಂದ 21 ವರ್ಷದ ಯುವಕ ನೋಡಲು 10 ವರ್ಷದ ಹುಡುಗನಂತಿದ್ದ. ಜನನಾಂಗವೂ ಬೆಳೆದಿರಲಿಲ್ಲ. ಅವನ ಊಟವೆಲ್ಲ ಹೆಚ್ಚುಕಡಿಮೆ ಬರೀ ರೊಟ್ಟಿ. ಮುಂದೆ ಈಜಿಪ್ಟಿನಲ್ಲಿ ಇಂಥ ಹುಡುಗರಿಗೆ ಸತು ಕೊಟ್ಟಾಗ ಅವರು ಎತ್ತರ ಬೆಳೆದರು, ಪ್ರಾಯಕ್ಕೂ ಬಂದರು.

ಆದರೆ ಅವರಿಗೆ ಇದ್ದದ್ದು ತೀವ್ರ ಕೊರತೆ. ಕೊರತೆ ಇಲ್ಲದವರು ತಿಂದರೆ ಏನಾಗುತ್ತದೆ?

2002ರಲ್ಲಿ ನೆದರ್‌ಲ್ಯಾಂಡ್ಸ್‌ನ ಒಂದು ಸಣ್ಣ ಅಧ್ಯಯನ ಆಸೆ ಹುಟ್ಟಿಸಿತ್ತು. ಸತು ಮತ್ತು ಫೋಲಿಕ್ ಆಸಿಡ್ ಒಟ್ಟಿಗೆ ತೆಗೆದುಕೊಂಡವರಲ್ಲಿ ವೀರ್ಯಾಣು ಸಂಖ್ಯೆ ಏರಿತ್ತು. ಅದನ್ನೇ ದೊಡ್ಡದಾಗಿ ಪರೀಕ್ಷಿಸಿದ ಅಮೆರಿಕದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮಕ್ಕಳಿಗಾಗಿ ಚಿಕಿತ್ಸೆಗೆ ಬಂದಿದ್ದ 2,370 ದಂಪತಿಗಳು ಅದರಲ್ಲಿದ್ದರು. ಅರ್ಧದಷ್ಟು ಗಂಡಸರಿಗೆ ಆರು ತಿಂಗಳು ದಿನಕ್ಕೆ 30 ಮಿಲಿಗ್ರಾಂ ಸತು ಮತ್ತು 5 ಮಿಲಿಗ್ರಾಂ ಫೋಲಿಕ್ ಆಸಿಡ್, ಉಳಿದವರಿಗೆ ಔಷಧಿ ಇಲ್ಲದ ಉತ್ತುತ್ತಿ ಮಾತ್ರೆ. ಫಲಿತಾಂಶ? ಮಾತ್ರೆ ತಿಂದವರ ಕಡೆ 100ಕ್ಕೆ 34 ದಂಪತಿಗಳಿಗೆ ಮಗುವಾಯಿತು, ತಿನ್ನದವರ ಕಡೆ 35. ವೀರ್ಯಾಣುವಿನ ಸಂಖ್ಯೆ, ಚಲನೆ ಯಾವುದೂ ಸುಧಾರಿಸಲಿಲ್ಲ. ಹೊಟ್ಟೆ ನೋವು, ವಾಂತಿ ಮಾತ್ರ ಮಾತ್ರೆ ತಿಂದವರಲ್ಲೇ ಹೆಚ್ಚು.

"ಅವರು ಮಾಂಸ ತಿನ್ನುವವರು, ನಮ್ಮದು ಮುದ್ದೆ, ಅನ್ನ, ಸಾರು" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಾಳು ಮತ್ತು ಧಾನ್ಯಗಳಲ್ಲಿರುವ ಫೈಟೇಟ್ ಅನ್ನುವ ಅಂಶ ಸತುವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಅದಕ್ಕೆ ನಮ್ಮ ಅಡುಗೆಮನೆಯಲ್ಲೇ ದಾರಿ ಇದೆ. ಕಾಳು ನೆನೆಸಿ ಮೊಳಕೆ ಕಟ್ಟಿದರೆ, ಇಡ್ಲಿ ದೋಸೆಯ ಹಿಟ್ಟಿನಂತೆ ಹುಳಿ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಎಳ್ಳು, ಶೇಂಗಾ, ಕಡಲೆ, ಮೊಟ್ಟೆ, ಮಾಂಸದಲ್ಲಿ ಸತು ಇದೆ. ಕೊರತೆ ಇದೆ ಅಂತ ಡಾಕ್ಟರ್ ಹೇಳಿದರೆ ಮಾತ್ರೆಯನ್ನೂ ತೆಗೆದುಕೊಳ್ಳಿ, ಅವರು ಹೇಳಿದಷ್ಟೇ. ತಿಂಗಳುಗಟ್ಟಲೆ ಅತಿಯಾಗಿ ತಿಂದರೆ ಮೈಯಲ್ಲಿ ತಾಮ್ರದ ಅಂಶ ಕಡಿಮೆಯಾಗಿ ರಕ್ತಹೀನತೆ ಬರಬಹುದು.

ಗದ್ದೆಗೆ ಜಿಂಕ್ ಸಲ್ಫೇಟ್ ಹಾಕುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ ಅನ್ನುತ್ತಾರೆ. ಮಣ್ಣಿನಲ್ಲಿ ಕೊರತೆ ಇದ್ದರೆ ಬೆಳೆ ಏಳುತ್ತದೆ, ಇಲ್ಲದಿದ್ದರೆ ದುಡ್ಡು ದಂಡ. ಗದ್ದೆಗೆ ಒಪ್ಪುವ ಈ ಮಾತನ್ನು ನಮ್ಮ ಮೈಗೆ ಯಾಕೆ ಒಪ್ಪುವುದಿಲ್ಲ?

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದೆ. ವೃಷಣದ ರಕ್ತನಾಳ ಊದಿಕೊಂಡಿರಬಹುದು, ಇದಕ್ಕೆ ವೆರಿಕೋಸೀಲ್ ಅನ್ನುತ್ತಾರೆ. ವೀರ್ಯ ಬರುವ ನಾಳ ಕಟ್ಟಿರಬಹುದು. ಪ್ರಾಯದಲ್ಲಿ ಬಂದ ಮಂಗನಬಾವು ಬೀಜಕ್ಕೆ ಇಳಿದು ಹಾನಿ ಮಾಡಿರಬಹುದು. ತಂಬಾಕು, ಕುಡಿತ, ಮೈಕಟ್ಟಿಗಾಗಿ ಚುಚ್ಚಿಸಿಕೊಂಡ ಹಾರ್ಮೋನ್ ಇಂಜೆಕ್ಷನ್ ಕೂಡ ಕಾರಣವಾಗುತ್ತವೆ. ಇವುಗಳಲ್ಲಿ ಕೆಲವಕ್ಕೆ ಆಪರೇಷನ್ ಇದೆ, ಕೆಲವಕ್ಕೆ ಚಟ ಬಿಟ್ಟರೆ ಸಾಕು. ಯಾವುದಕ್ಕೂ ಜಿಂಕ್ ಮಾತ್ರೆ ಉತ್ತರವಲ್ಲ.

ಕಾರಣ ತಿಳಿಯಲು ಮೊದಲು ಬೇಕಾದದ್ದು ವೀರ್ಯ ಪರೀಕ್ಷೆ. ಎರಡರಿಂದ ಏಳು ದಿನ ಸಂಪರ್ಕ ಇಲ್ಲದೆ ಇದ್ದು, ಲ್ಯಾಬ್ ಕೊಡುವ ಡಬ್ಬಿಯಲ್ಲಿ ವೀರ್ಯ ಕೊಟ್ಟರೆ ಆಯಿತು. ಸೂಜಿ ಇಲ್ಲ, ನೋವಿಲ್ಲ. ಹೆಂಡತಿ ಪಡುವ ಪರೀಕ್ಷೆಗಳ ಮುಂದೆ ಇದು ಏನೂ ಅಲ್ಲ. ಒಂದು ರಿಪೋರ್ಟ್ ಸರಿ ಬರಲಿಲ್ಲ ಅಂತ ಎದೆಗುಂದಬೇಡಿ, ಇನ್ನೊಮ್ಮೆ ಮಾಡಿಸುವುದು ಪದ್ಧತಿ. ವೀರ್ಯಾಣು ಕಡಿಮೆ ಇದ್ದ ಮಾತ್ರಕ್ಕೆ ಗಂಡಸ್ತನ ಕಡಿಮೆ ಅಂತಲ್ಲ. ಈ ಎರಡನ್ನೂ ಕಲೆಸಿ ಭಯ ಹುಟ್ಟಿಸುವುದು ಗೋಡೆ ಜಾಹೀರಾತಿನವರ ದಂಧೆ.

ಇನ್ನೊಂದು ಲೆಕ್ಕವೂ ಇದೆ. ಗಂಡ ಗುಟ್ಟಾಗಿ ಎರಡು ವರ್ಷ ಮಾತ್ರೆ ನುಂಗಿದರೆ ಹೆಂಡತಿಗೂ ಎರಡು ವರ್ಷ ವಯಸ್ಸಾಗುತ್ತದೆ. 35 ದಾಟಿದ ಮೇಲೆ ಹೆಣ್ಣಿಗೆ ಗರ್ಭ ನಿಲ್ಲುವುದು ಕಷ್ಟವಾಗುತ್ತಾ ಹೋಗುತ್ತದೆ. ಅಷ್ಟು ದಿನವೂ "ಬಂಜೆ" ಅನ್ನುವ ಮಾತು ಕೇಳುವವಳು ಅವಳೇ. ಇನ್ನೊಂದು ಮದುವೆಯ ಮಾತು ಏಳುವುದೂ ಅವಳ ಮುಂದೆಯೇ.

ಅದಕ್ಕೇ ಮನೆಯ ಹಿರಿಯರಿಗೆ ಒಂದು ಮಾತು. ಮದುವೆಯಾಗಿ ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ಸೊಸೆಗೆ 35 ದಾಟಿದ್ದರೆ ಆರೇ ತಿಂಗಳಿಗೆ, ಇಬ್ಬರನ್ನೂ ಒಟ್ಟಿಗೆ ಆಸ್ಪತ್ರೆಗೆ ಕಳಿಸಿ. ಮೊದಲ ದಿನವೇ ಮಗನ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ.